ಹಳೆಯ ಗೇರ್ ಕಾರುಗಳ ನಡುಕ ಮತ್ತು ಅದರ ದೋಷಪತ್ತೆ: ರೋಣ, ನರಗುಂದ, ಗಜೇಂದ್ರಗಡ ಸೀಮೆ

ಇಂಜಿನ್ನಿನಲ್ಲಿ ಹುಟ್ಟಿದ ತಿರುಗುಬಲವನ್ನು ಚಕ್ರದವರೆಗೆ ಒಯ್ಯುವ ಭಾಗಗಳ ಸಾಲಿಗೆ ಚಾಲನ ಸರಣಿ ಎಂದು ಹೆಸರು. ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲರ್ ಶಾಫ್ಟ್, ಕ್ರೌನ್-ಪಿನಿಯನ್, ಆಕ್ಸಲ್, ಚಕ್ರ ಇವು ಅದರ ಕೊಂಡಿಗಳು. ಇವುಗಳಲ್ಲಿ ಒಂದು ಸವೆದರೆ, ಸಡಿಲಾದರೆ, ಸೊಟ್ಟಗಾದರೆ ಅಥವಾ ತೂಕ ತಪ್ಪಿ ತಿರುಗಿದರೆ ಕಾರಿನ ನೆಲ, ಸೀಟು, ಗೇರ್ ದಂಡ, ಸ್ಟೇರಿಂಗ್ ಅದುರತೊಡಗುತ್ತವೆ. ಅದುರುವುದು ಒಂದು ಕಡೆ, ಕಾರಣ ಇರುವುದು ಇನ್ನೊಂದು ಕಡೆ. ದೋಷಪತ್ತೆ ಕಷ್ಟವಾಗುವುದು ಇದರಿಂದಲೇ. ಕ್ರೌನ್-ಪಿನಿಯನ್ ಇರುವ ಹಿಂದಿನ ಹೌಸಿಂಗ್‌ನಲ್ಲಿ ಹುಟ್ಟಿದ ನಡುಕ ಮುಂದಿನ ಸೀಟಿನಲ್ಲಿ ಕುಳಿತವರ ಕಾಲಿಗೆ ತಾಗುತ್ತದೆ. ಕ್ಲಚ್ಚಿನ ದೋಷ ಗೇರ್‌ಬಾಕ್ಸಿನದೆಂದು ತೋರುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ತಿಳಿಯದೆ ಒಂದೊಂದೇ ಭಾಗವನ್ನು ಬದಲಿಸುತ್ತ ಹೋದರೆ ಹಳೆಯ ಕಾರಿನ ಬೆಲೆಗಿಂತ ರಿಪೇರಿಯ ಖರ್ಚೇ ದೊಡ್ಡದಾಗುತ್ತದೆ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಮೂರೂ ಪಟ್ಟಣಗಳು ರಸ್ತೆಯನ್ನೇ ನಂಬಿವೆ. ಗದಗ–ಸೊಲ್ಲಾಪುರ ರೈಲು ಮಾರ್ಗ ರೋಣ ತಾಲ್ಲೂಕಿನ ಹೊಳೆಆಲೂರನ್ನು ಹಾದುಹೋಗುತ್ತದೆಯೇ ಹೊರತು ಈ ಪಟ್ಟಣಗಳೊಳಗೆ ಬರುವುದಿಲ್ಲ. ನರಗುಂದ ಹುಬ್ಬಳ್ಳಿ–ವಿಜಯಪುರ ರಸ್ತೆಯ ಮೇಲಿದೆ. ಮೊದಲು ರೋಣ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಗಜೇಂದ್ರಗಡ ಗುಡ್ಡದ ಮಗ್ಗುಲಲ್ಲಿದೆ. ಸಂತೆಗೆ, ಆಸ್ಪತ್ರೆಗೆ, ಮದುವೆಗೆ, ಉಳ್ಳಾಗಡ್ಡಿಯ ಚೀಲ ಸಾಗಿಸಲು ಮನೆಯ ಹಳೆಯ ವಾಹನವೇ ಬೇಕು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣವಾಗಬೇಕು. ಆ ಗಡಿ ದಾಟಿದ ಕೆಎ-26 ಸಂಖ್ಯೆಯ ಗಾಡಿಗಳನ್ನು ಈ ಲೇಖನದಲ್ಲಿ ಹಳೆಯ ಕಾರು ಎಂದು ಎಣಿಸಲಾಗಿದೆ.

ಎರಡು ಬಗೆಯ ಜೋಡಣೆ

ಹಳೆಯ ಗಾಡಿಗಳನ್ನು ಮೊದಲು ಎರಡು ಗುಂಪಾಗಿ ನೋಡಬೇಕು. ಇಂಜಿನ್ ಮುಂದಿದ್ದು ಬಲ ಹಿಂದಿನ ಚಕ್ರಕ್ಕೆ ಹೋಗುವವು ಒಂದು ಗುಂಪು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬೈಯ ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು ಮತ್ತು ಬೊಲೆರೊ, ಟಾಟಾ ಸುಮೊ, ಟೆಂಪೊ ಟ್ರ್ಯಾಕ್ಸ್, ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಕ್ವಾಲಿಸ್ ಇದಕ್ಕೆ ಸೇರುತ್ತವೆ. ಮಾರುತಿ ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದ್ದರೂ ಅದರ ಬಲವೂ ಶಾಫ್ಟ್ ಮೂಲಕ ಹಿಂದಕ್ಕೇ ಹೋಗುತ್ತದೆ. ಎರಡನೆಯ ಗುಂಪಿನಲ್ಲಿ ಇಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. 1983ರ ಕೊನೆಗೆ ಬಂದ ಮಾರುತಿ 800, ಆಮೇಲಿನ ಜೆನ್, ಎಸ್ಟೀಮ್, 1998ರ ಟಾಟಾ ಇಂಡಿಕಾ ಹೀಗೆ.

ಈ ವಿಂಗಡಣೆ ಮಾಡಿದೊಡನೆ ಅರ್ಧ ಗೊಂದಲ ಕಳೆಯುತ್ತದೆ. ಮಾರುತಿ 800ರಲ್ಲಿ ಉದ್ದನೆಯ ಪ್ರೊಪೆಲರ್ ಶಾಫ್ಟೇ ಇಲ್ಲ. ಅದರ ಡ್ರೈವ್ ಶಾಫ್ಟುಗಳು ಚಕ್ರದಷ್ಟೇ ನಿಧಾನವಾಗಿ ತಿರುಗುತ್ತವೆ. ಆದ್ದರಿಂದ ಅಂಬಾಸಿಡರ್, ಟ್ರ್ಯಾಕ್ಸ್‌ಗಳಲ್ಲಿ ಸೀಟಿನ ಕೆಳಗೆ ‘ಗುಂಯ್’ ಎನ್ನುವ ಶಾಫ್ಟ್‌ನ ನಡುಕವನ್ನು ಅದರಲ್ಲಿ ಹುಡುಕುವ ಕಾರಣವಿಲ್ಲ. ಜಿಪ್ಸಿ ಮತ್ತು ನಾಲ್ಕು ಚಕ್ರಕ್ಕೂ ಬಲ ಹೋಗುವ ಜೀಪುಗಳಲ್ಲಿ ಮಾತ್ರ ಒಂದಕ್ಕಿಂತ ಹೆಚ್ಚು ಶಾಫ್ಟುಗಳಿದ್ದು ಹುಡುಕಾಟ ಹೆಚ್ಚಾಗುತ್ತದೆ.

ನಡುಕ ಯಾವುದರ ಹಿಂದೆ ಹೋಗುತ್ತದೆ

“ಗಾಡಿ ಎಂಬತ್ತಕ್ಕ ಬಂತಂದ್ರ ನಡಗತೈತ್ರಿ” ಎಂದು ಗ್ಯಾರೇಜಿಗೆ ಬಂದವರು ಹೇಳುತ್ತಾರೆ. ಇದು ಒಳ್ಳೆಯ ಆರಂಭ, ಆದರೆ ಸಾಲದು. ಅದೇ ಎಂಬತ್ತರಲ್ಲಿ ಗೇರ್ ಬದಲಿಸಿದರೆ ನಡುಕ ಉಳಿಯುತ್ತದೆಯೇ? ಎಕ್ಸಲೇಟರ್ ಬಿಟ್ಟರೆ ಉಳಿಯುತ್ತದೆಯೇ? ನಿಂತಲ್ಲೇ ರೇಸ್ ಮಾಡಿದರೆ ಬರುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಬಾರದು. ನಡುಕ ಇಂಜಿನ್ನಿನ ಸುತ್ತಿನ ಹಿಂದೆ ಹೋಗುತ್ತದೆಯೋ, ಗಾಡಿಯ ವೇಗದ ಹಿಂದೆ ಹೋಗುತ್ತದೆಯೋ, ಎಳೆತದ ಭಾರದ ಹಿಂದೆ ಹೋಗುತ್ತದೆಯೋ ಎಂಬುದು ಗೊತ್ತಾದರೆ ಹುಡುಕಬೇಕಾದ ಜಾಗ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಬೇಕಾದ ಉಪಕರಣ ಗಾಡಿ ಓಡಿಸುವವರ ಗಮನ. ಮಾಲೀಕರು ನಾಲ್ಕು ದಿನ ಗಮನಿಸಿ ಹೇಳಿದ ವಿವರಕ್ಕೆ ಯಾವ ಯಂತ್ರವೂ ಸಾಟಿಯಲ್ಲ ಎಂಬುದು ಈ ಲೇಖಕರ ದೃಢ ಅಭಿಪ್ರಾಯ.

ಸ್ವಲ್ಪ ಲೆಕ್ಕ ಮಾಡಿದರೆ ಇದು ಸ್ಪಷ್ಟವಾಗುತ್ತದೆ. ಸುತ್ತಳತೆ ಸುಮಾರು 2 ಮೀಟರ್ ಇರುವ ಚಕ್ರದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರ್ ಹೋಗುತ್ತಿದೆ ಎನ್ನೋಣ. ಚಕ್ರ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಕ್ರೌನ್-ಪಿನಿಯನ್ ಅನುಪಾತ 4.5 ಇದ್ದರೆ ಪ್ರೊಪೆಲರ್ ಶಾಫ್ಟ್ ಸೆಕೆಂಡಿಗೆ 45 ಸುತ್ತು, ನಿಮಿಷಕ್ಕೆ 2,700 ಸುತ್ತು ತಿರುಗುತ್ತದೆ. ಚಕ್ರದ ದೋಷ ಸೆಕೆಂಡಿಗೆ ಹತ್ತು ಸಲ ಅಲುಗಿಸುತ್ತದೆ. ಕನ್ನಡಿ, ಸ್ಟೇರಿಂಗ್ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಶಾಫ್ಟ್‌ನ ತೂಕದ ದೋಷ ನಲವತ್ತೈದು ಸಲ ಅಲುಗಿಸುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿಗೂ ಸೀಟಿಗೂ ಸಣ್ಣ ಥರಥರವಾಗಿ ತಾಗುತ್ತದೆ. ಶಾಫ್ಟ್‌ನ ತುದಿಯಲ್ಲಿರುವ ಜಾಯಿಂಟ್‌ನ ಕೋನದ ದೋಷ ಒಂದು ಸುತ್ತಿಗೆ ಎರಡು ಸಲ ಬರುವುದರಿಂದ ತೊಂಬತ್ತು ಸಲವಾಗಿ, ನಡುಕಕ್ಕಿಂತ ಹೆಚ್ಚಾಗಿ ಕಿವಿಯಲ್ಲಿ ಮೊರೆಯುತ್ತದೆ.

ಇಲ್ಲೊಂದು ತೊಡಕಿದೆ. ಹಿಂದಿನ ಚಕ್ರಕ್ಕೆ ಬಲ ಹೋಗುವ ನಾಲ್ಕು ಗೇರಿನ ಹಳೆಯ ಕಾರುಗಳಲ್ಲಿ ಟಾಪ್ ಗೇರ್ ಸಾಮಾನ್ಯವಾಗಿ ನೇರ ಜೋಡಣೆ. ಇಂಜಿನ್ ಎಷ್ಟು ಸುತ್ತುತ್ತದೋ ಶಾಫ್ಟೂ ಅಷ್ಟೇ ಸುತ್ತುತ್ತದೆ. ಮೇಲಿನ ಉದಾಹರಣೆಯಲ್ಲಿ ಇಂಜಿನ್ನೂ 2,700, ಶಾಫ್ಟೂ 2,700. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುವುದರಿಂದ ಅದರ ಬಡಿತವೂ ಸೆಕೆಂಡಿಗೆ ತೊಂಬತ್ತು, ಜಾಯಿಂಟ್‌ನ ಬಡಿತವೂ ತೊಂಬತ್ತು. ಟಾಪ್ ಗೇರಿನಲ್ಲಷ್ಟೇ ಓಡಿಸಿ ನೋಡಿದವರು ಇಂಜಿನ್ನಿನ ತಪ್ಪನ್ನು ಶಾಫ್ಟಿಗೂ ಶಾಫ್ಟಿನ ತಪ್ಪನ್ನು ಇಂಜಿನ್ನಿಗೂ ಹೊರಿಸುವುದು ಇದರಿಂದ. ಮೂರನೆಯ ಗೇರಿಗೆ ಇಳಿಸಿ ಅದೇ ವೇಗ ಹಿಡಿದರೆ ಇವೆರಡೂ ಬೇರೆಯಾಗುತ್ತವೆ. ಮೂರನೆಯ ಗೇರಿನ ಅನುಪಾತ 1.5 ಎಂದುಕೊಂಡರೆ ಇಂಜಿನ್ 4,050ಕ್ಕೆ ಏರುತ್ತದೆ, ಶಾಫ್ಟ್ ಮಾತ್ರ 2,700ರಲ್ಲೇ ಇರುತ್ತದೆ. ನಡುಕದ ಲಯ ಬದಲಾಗದಿದ್ದರೆ ಅದು ಶಾಫ್ಟ್‌ನದು ಅಥವಾ ಅದರ ಹಿಂದಿನದು. ಹಳೆಯ ಇಂಜಿನ್ನನ್ನು ಅಷ್ಟು ಸುತ್ತಿಗೆ ಏರಿಸುವುದು ಹಿತವಲ್ಲ. ಆದ್ದರಿಂದ ನಡುಕ ಕಾಣಿಸಿಕೊಳ್ಳುವ ಅತಿ ಕಡಿಮೆ ವೇಗದಲ್ಲೇ ಈ ಪರೀಕ್ಷೆ ಮಾಡಬೇಕು.

ರಸ್ತೆಯ ಪರೀಕ್ಷೆ

ನರಗುಂದದ ಸುತ್ತಲಿನ ಎರೆನೆಲದ ಬಯಲು ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ರಸ್ತೆ ಮಟ್ಟಸ, ನೇರ, ದೂರದವರೆಗೆ ಎದುರಿನ ವಾಹನ ಕಾಣುತ್ತದೆ. ಹೆದ್ದಾರಿಯನ್ನು ಬಿಟ್ಟು, ಸಂಚಾರವಿಲ್ಲದ ಹೊತ್ತಿನಲ್ಲಿ ಒಳರಸ್ತೆಯ ನುಣುಪಾದ ತುಂಡನ್ನು ಆರಿಸಿಕೊಳ್ಳಬೇಕು. ಟೈರಿನ ಗಾಳಿ ಸರಿಯಿರಬೇಕು. ಪಕ್ಕದಲ್ಲಿ ಇನ್ನೊಬ್ಬರು ಕುಳಿತು ವೇಗ, ಗೇರ್, ನಡುಕ ಬಂದ ಜಾಗ ಬರೆದುಕೊಳ್ಳಬೇಕು. ಓಡಿಸುವವರು ಬರೆಯಲು ಹೋಗಬಾರದು.

ನಿಧಾನವಾಗಿ ವೇಗ ಏರಿಸುತ್ತ ಹೋಗಿ ನಡುಕ ಹುಟ್ಟುವ, ಜೋರಾಗುವ, ಇಳಿಯುವ ವೇಗಗಳನ್ನು ಗುರುತಿಸಿದ ಮೇಲೆ ಆ ವೇಗದಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತಾನಾಗಿ ಉರುಳಲು ಬಿಡುವುದು ಮುಖ್ಯ ಪರೀಕ್ಷೆ. ಇಂಜಿನ್ ಐಡ್ಲಿಂಗಿಗೆ ಇಳಿಯುತ್ತದೆ. ಆಗಲೂ ನಡುಕ ಹಾಗೇ ಇದ್ದರೆ ಇಂಜಿನ್ನೂ ಕ್ಲಚ್ಚೂ ಅನುಮಾನದಿಂದ ಪಾರಾಗುತ್ತವೆ; ಚಕ್ರ, ಶಾಫ್ಟ್, ಹೌಸಿಂಗ್ ಉಳಿಯುತ್ತವೆ. ಥಟ್ಟನೆ ನಿಂತರೆ ಇಂಜಿನ್ ಕಡೆಯದು, ಇಲ್ಲವೇ ಎಳೆತ ಬಿದ್ದಾಗ ಮಾತ್ರ ಬಾಯಿ ಬಿಡುವ ಜಾಯಿಂಟ್ ಅಥವಾ ಇಂಜಿನ್ ಮೌಂಟಿಂಗ್‌ನದು. ಕೀಲಿಯನ್ನು ಮಾತ್ರ ಎಂದೂ ಆರಿಸಬಾರದು. ಕೀಲಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು, ಇಂಜಿನ್ ನಿಂತರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಇಲ್ಲದಾಗುತ್ತದೆ.

ಗಜೇಂದ್ರಗಡದ ಗುಡ್ಡದ ರಸ್ತೆ ಇದಕ್ಕೆ ಪೂರಕವಾದ ಇನ್ನೊಂದು ಪರೀಕ್ಷೆಯನ್ನು ಒದಗಿಸುತ್ತದೆ. ಏರಿನಲ್ಲಿ ಇಂಜಿನ್ ಚಕ್ರವನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಗೇರ್ ಹಾಕಿಯೇ ಎಕ್ಸಲೇಟರ್ ಬಿಟ್ಟಾಗ ಚಕ್ರ ಇಂಜಿನ್ನನ್ನು ಎಳೆಯುತ್ತದೆ. ಅಂದರೆ ಹಲ್ಲುಗಳ ಒಂದು ಮಗ್ಗುಲಿಗೆ ಬೀಳುತ್ತಿದ್ದ ಭಾರ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಏರಿನಲ್ಲಿ ಮಾತ್ರ ಬರುವ ನಡುಕ ಸವೆದ ಮೌಂಟಿಂಗ್, ಡ್ರೈವ್ ಶಾಫ್ಟಿನ ಸವೆದ ಒಳಜಾಯಿಂಟ್, ಪಾಟಾದ (ಲೀಫ್ ಸ್ಪ್ರಿಂಗಿನ) ಸಡಿಲಿಕೆ ಇವುಗಳನ್ನು ತೋರಿಸುತ್ತದೆ. ಎಳೆತ ಬದಲಾಗುವ ಗಳಿಗೆಯಲ್ಲಿ ಒಮ್ಮೆ ‘ಟಕ್’ ಎಂದರೆ ಶಾಫ್ಟ್ ಜಾಯಿಂಟಿನ ಕ್ರಾಸಿನಲ್ಲಿ ಅಥವಾ ಪಿನಿಯನ್ ಹಲ್ಲುಗಳ ನಡುವೆ ಆಟ ಹೆಚ್ಚಾಗಿದೆ ಎಂದರ್ಥ. ಇಳಿಜಾರಿನಲ್ಲಿ ನ್ಯೂಟ್ರಲ್ ಪರೀಕ್ಷೆ ಕೂಡದು. ಇಂಜಿನ್ನಿನ ಹಿಡಿತ ಕಳೆದುಕೊಂಡ ಹಳೆಯ ಗಾಡಿಯ ಡ್ರಮ್ ಬ್ರೇಕುಗಳು ಕಾದು ಕೈಕೊಡುತ್ತವೆ.

ನಿಂತಲ್ಲಿನ ಪರೀಕ್ಷೆ ಇನ್ನೂ ಸರಳ. ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಮಾಡಿದಾಗಲೇ ಅದೇ ನಡುಕ ಬಂದರೆ ರಸ್ತೆಗೆ ಹೋಗುವ ಅಗತ್ಯವೇ ಇಲ್ಲ. ಆ ಸುತ್ತಿನಲ್ಲೇ ಹಿಡಿದು ಕ್ಲಚ್ ಒತ್ತಬೇಕು. ಒತ್ತಿದಾಗ ಶಬ್ದ, ನಡುಕ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದರೂ ಬಿಟ್ಟರೂ ಒಂದೇ ಸಮ ಇದ್ದರೆ ಇಂಜಿನ್, ಫ್ಲೈವೀಲ್, ಪ್ರೆಷರ್ ಪ್ಲೇಟ್ ಅಥವಾ ಮೌಂಟಿಂಗ್.

ಮಣ್ಣು ಮತ್ತು ಹೊಟ್ಟು

ಈ ಸೀಮೆಯ ಗಾಡಿಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಿಡಿಭಾಗವೇ ಅಲ್ಲ, ಮಣ್ಣು. ರೋಣ, ನರಗುಂದದ ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದ ಕಾರಿನ ರಿಮ್ಮಿನ ಒಳಮೈಗೆ ಮೆತ್ತಿದ ಮಣ್ಣು ಒಂದೇ ಬದಿಯಲ್ಲಿ ಉಳಿದರೆ ಚಕ್ರದ ತೂಕ ತಪ್ಪುತ್ತದೆ. ಮಾರುತಿ 800ರ ಸಣ್ಣ ಚಕ್ರದ ಸುತ್ತಳತೆ ಸುಮಾರು 1.6 ಮೀಟರ್, 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ನಡುವಿನಿಂದ 15 ಸೆಂ.ಮೀ. ದೂರದಲ್ಲಿ ಅಂಟಿದ 100 ಗ್ರಾಂ ಮಣ್ಣು ಆ ವೇಗದಲ್ಲಿ ಹನ್ನೊಂದು–ಹನ್ನೆರಡು ಕಿಲೋ ತೂಕಕ್ಕೆ ಸಮನಾದ ಬಲದಿಂದ ಚಕ್ರವನ್ನು ಸುತ್ತಿಗೊಮ್ಮೆ ಹೊರಕ್ಕೆ ಜಗ್ಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಈ ಬಲ ನಾಲ್ಕನೆಯ ಒಂದು ಪಾಲಾಗುತ್ತದೆ. ಊರೊಳಗೆ ಕಾಣದ ನಡುಕ ಹೆದ್ದಾರಿಯಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ.

ಬ್ಯಾಲೆನ್ಸಿಂಗ್ ಮಾಡಿಸುವ ಮೊದಲು ರಿಮ್ಮಿನ ಒಳಮೈ ತೊಳೆಯದಿದ್ದರೆ ಮಾಡಿಸಿದ್ದು ವ್ಯರ್ಥ. ಮಣ್ಣಿನ ಮೇಲೆಯೇ ಸೀಸದ ತುಣುಕು ಹಾಕಿದ ಚಕ್ರ, ಮಣ್ಣು ಉದುರಿದ ದಿನ ಮೊದಲಿಗಿಂತ ಹೆಚ್ಚು ನಡುಗುತ್ತದೆ. ಪ್ರೊಪೆಲರ್ ಶಾಫ್ಟಿನ ಕೊಳವೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ಚಕ್ರಕ್ಕಿಂತ ನಾಲ್ಕು ಪಟ್ಟು ಬೇಗ ತಿರುಗುವುದರಿಂದ ಸಣ್ಣ ಹೆಂಟೆಯೂ ದೊಡ್ಡ ಕೆಲಸ ಮಾಡುತ್ತದೆ.

ಇನ್ನೊಂದು ಕಾರಣ ಸುಗ್ಗಿಯದು. ಹೆಸರು, ಹುರುಳಿ, ಕಡಲೆಗಳ ಗಿಡವನ್ನು ರಸ್ತೆಯ ಮೇಲೆ ಹರಡಿ ಓಡಾಡುವ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ರೂಢಿ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಕಣ ಮಾಡಲು ಆಳು ಸಿಗದ ರೈತರ ಕಷ್ಟ ನಿಜವಾದದ್ದು. ಆದರೆ ತಗ್ಗಿನ ಕಾರು ಅದರ ಮೇಲೆ ಹಾದಾಗ ಬಳ್ಳಿ, ಕಡ್ಡಿಗಳು ಶಾಫ್ಟಿಗೆ ಸುತ್ತಿಕೊಳ್ಳುತ್ತವೆ. ಸುತ್ತು ಬಿಗಿಯಾಗುತ್ತ ಹೋಗಿ ಹಿಂದಿನ ಚಕ್ರದ ಗಾಡಿಯಲ್ಲಿ ಪಿನಿಯನ್ ಆಯಿಲ್ ಸೀಲನ್ನೂ ಮುಂದಿನ ಚಕ್ರದ ಗಾಡಿಯಲ್ಲಿ ಡ್ರೈವ್ ಶಾಫ್ಟಿನ ರಬ್ಬರ್ ಬೂಟನ್ನೂ ಕೆಡಿಸುತ್ತದೆ. ಸೈಲೆನ್ಸರ್ ಕೊಳವೆಗೆ ತಾಗಿದರೆ ಬೆಂಕಿಯ ಅಪಾಯವೂ ಇದೆ. ಸುಗ್ಗಿಯ ನಂತರ ಶುರುವಾದ ನಡುಕಕ್ಕೆ ಗಾಡಿಯ ಕೆಳಗೆ ಬಗ್ಗಿ ನೋಡುವುದೇ ಮೊದಲ ಪರೀಕ್ಷೆ. ಇಂಜಿನ್ ಆರಿಸಿ, ಕೊಳವೆ ಆರಿದ ಮೇಲೆ ಕಡ್ಡಿಗಳನ್ನು ಕತ್ತರಿಸಿ ತೆಗೆಯಬೇಕು. ಜಗ್ಗಿ ಎಳೆದರೆ ಸೀಲಿನ ತುಟಿ ಹರಿಯುತ್ತದೆ.

ತೊಳೆದ ಮೇಲೂ ನಡುಕ ಉಳಿದರೆ ಟೈರುಗಳನ್ನು ನೋಡಬೇಕು. ಒಂದೇ ಕಡೆ ಉಬ್ಬಿದ ಟೈರು, ತಿಂಗಳುಗಟ್ಟಲೆ ನಿಂತು ಚಪ್ಪಟೆಯಾದ ಟೈರು, ತಗ್ಗಿಗೆ ಬಿದ್ದು ಬಾಗಿದ ರಿಮ್ಮು ಇವು ಸಾಮಾನ್ಯ. ಹಿಂದಿನ ಚಕ್ರವನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿದಾಗ ನಡುಕ ಸೀಟಿನಿಂದ ಸ್ಟೇರಿಂಗಿಗೆ ವರ್ಗವಾದರೆ ದೋಷ ಚಕ್ರದ್ದೇ. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕ ಡ್ರಮ್ ಅಥವಾ ಡಿಸ್ಕಿನದು, ಅದು ಚಾಲನ ಸರಣಿಗೆ ಸೇರಿದ್ದಲ್ಲ.

ಪ್ರೊಪೆಲರ್ ಶಾಫ್ಟ್ ಮತ್ತು ಕ್ರಾಸ್

ಹಿಂದಿನ ಚಕ್ರದ ಗಾಡಿಗಳಲ್ಲಿ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾಗಿರುವ ಭಾಗ ಇದು. ಗೇರ್‌ಬಾಕ್ಸ್ ಸ್ಥಿರವಾಗಿರುತ್ತದೆ, ಹಿಂದಿನ ಹೌಸಿಂಗ್ ಪಾಟಾದ ಮೇಲೆ ಏರಿಳಿಯುತ್ತದೆ. ಇವೆರಡರ ನಡುವೆ ಕೋನ ಬದಲಾಗುತ್ತಿದ್ದರೂ ತಿರುಗುಬಲ ದಾಟಿಸಲು ಎರಡು ತುದಿಗೂ ಯೂನಿವರ್ಸಲ್ ಜಾಯಿಂಟ್ ಇದೆ. ಅದರ ನಡುವಿನ ನಾಲ್ಕು ಕೈಗಳ ಉಕ್ಕಿನ ತುಂಡನ್ನು ಮಿಸ್ತ್ರಿಗಳು ಕ್ರಾಸ್ ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳನ್ನು ಈ ಜಾಯಿಂಟ್ ಹೊತ್ತಿದೆ.

ಈ ಜಾಯಿಂಟಿಗೆ ಹುಟ್ಟುಗುಣವೊಂದಿದೆ. ಒಳಬರುವ ದಂಡ ಒಂದೇ ಸಮ ತಿರುಗಿದರೂ ಕೋನದಲ್ಲಿರುವ ಹೊರದಂಡ ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ತಿರುಗುತ್ತದೆ. ಕೋನ 3 ಡಿಗ್ರಿ ಇದ್ದರೆ ಈ ಏರಿಳಿತ ಲೆಕ್ಕಕ್ಕಿಲ್ಲದಷ್ಟು. 10 ಡಿಗ್ರಿಗೆ ನೂರಕ್ಕೆ ಒಂದೂವರೆಯಷ್ಟು ಮೇಲೆ-ಕೆಳಗೆ. 20 ಡಿಗ್ರಿಗೆ ನೂರಕ್ಕೆ ಆರರಷ್ಟು. ಹಿಂದಿನ ಜಾಯಿಂಟ್ ಅಷ್ಟೇ ಕೋನದಲ್ಲಿ, ಮುಂದಿನದರ ಜೊತೆ ಒಂದೇ ಸಾಲಿನಲ್ಲಿ ಕುಳಿತಿದ್ದರೆ ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸುತ್ತದೆ. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕೆಂಬ ನಿಯಮ ಬಂದದ್ದು ಇದರಿಂದ. ಉದ್ದ ಹೆಚ್ಚು ಕಡಿಮೆಯಾಗಲು ಜಾರುವ ಸ್ಲೀವ್ ಇರುವ ಶಾಫ್ಟುಗಳಲ್ಲಿ ಬಿಚ್ಚಿ ಮತ್ತೆ ಕೂಡಿಸುವಾಗ ಒಂದೆರಡು ಹಲ್ಲು ಆಚೀಚೆಯಾದರೂ ಈ ನೇರ ತಪ್ಪುತ್ತದೆ. ಹೊಸ ಕ್ರಾಸ್ ಹಾಕಿಸಿದ ಮೇಲೆಯೇ ನಡುಕ ಶುರುವಾದ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಬಿಚ್ಚುವ ಮೊದಲು ಫ್ಲ್ಯಾಂಜಿಗೂ ಸ್ಲೀವಿಗೂ ಪಂಚಿನಿಂದ ಗುರುತು ಹಾಕಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ಸೀಮೆಸುಣ್ಣದ ಗುರುತು ಸಾಲದು, ಡೀಸೆಲ್ಲಿನಲ್ಲಿ ತೊಳೆದಾಗ ಹೋಗಿಬಿಡುತ್ತದೆ.

ಕೋನ ತಪ್ಪುವುದಕ್ಕೆ ಬಿಚ್ಚಿ ಕೂಡಿಸಲೇಬೇಕೆಂದಿಲ್ಲ. ಪಾಟಾ ಕುಸಿದರೆ, ಗಾಡಿ ಎತ್ತರವಾಗಲೆಂದು ಹೆಚ್ಚುವರಿ ಪಟ್ಟಿ ಸೇರಿಸಿದರೆ, ಹಿಂದಿನ ಗೇರ್‌ಬಾಕ್ಸ್ ಮೌಂಟಿಂಗಿನ ರಬ್ಬರ್ ಕೂತುಹೋದರೆ, ಟ್ರ್ಯಾಕ್ಸಿನ ಹಿಂಭಾಗದಲ್ಲಿ ಮಿತಿಮೀರಿ ಉಳ್ಳಾಗಡ್ಡಿ ಚೀಲ ಹೇರಿದರೆ ಎರಡೂ ತುದಿಯ ಕೋನ ಬೇರೆಬೇರೆಯಾಗುತ್ತದೆ. ಖಾಲಿ ಇದ್ದಾಗ ಸುಮ್ಮನಿದ್ದು ಹೇರಿದಾಗ ಮೊರೆಯುವ ಅಥವಾ ಹೇರಿದಾಗ ಸುಮ್ಮನಿದ್ದು ಖಾಲಿಯಾದಾಗ ಮೊರೆಯುವ ಗಾಡಿಯಲ್ಲಿ ಕ್ರಾಸ್ ಬದಲಿಸುವುದಕ್ಕಿಂತ ಮುಂಚೆ ಪಾಟಾ ನೋಡಬೇಕು. ಅಂಬಾಸಿಡರ್‌ನಂತೆ ಪಾಟಾವೇ ಹೌಸಿಂಗನ್ನು ಹಿಡಿದಿರುವ ಕಾರುಗಳಲ್ಲಿ ಯು-ಬೋಲ್ಟ್ ಸಡಿಲಾದರೆ ಮೊದಲ ಗೇರಿನಲ್ಲಿ ಎಳೆದಾಗ ಹೌಸಿಂಗ್ ಮೂತಿ ಎತ್ತಿ ಗಡಗಡ ಅಲುಗಿಸುತ್ತದೆ. ಇದನ್ನು ಕ್ಲಚ್ಚಿನ ದೋಷವೆಂದು ತಿಳಿದು ಗೇರ್‌ಬಾಕ್ಸ್ ಇಳಿಸಿದ ಉದಾಹರಣೆಗಳು ಎಲ್ಲ ಊರಿನಲ್ಲೂ ಸಿಗುತ್ತವೆ.

ಕ್ರಾಸ್ ಸವೆದಿದೆಯೇ ಎಂದು ತಿಳಿಯಲು ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಿಂದ ತಿರುಚಿ, ಮೇಲಕ್ಕೆತ್ತಿ ನೋಡಬೇಕು. ಕವಲಿಗೂ ಕ್ರಾಸಿಗೂ ನಡುವೆ ಕಣ್ಣಿಗೆ ಕಾಣುವ ಆಟ ಇರಲೇಬಾರದು. ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗು ಒಣಗಿ ತುಕ್ಕು ಅರೆಯುತ್ತಿದೆ ಎಂದರ್ಥ. ಆಟ ಇನ್ನೂ ಬಂದಿಲ್ಲದಿದ್ದರೂ ಬದಲಿಸುವ ಕಾಲ ಬಂದಿದೆ. ಆಟವಿಲ್ಲದೆ ಬಿಗಿಯಾಗಿ, ತಡೆತಡೆದು ಬಾಗುವ ಕ್ರಾಸೂ ಕೆಟ್ಟದ್ದೇ. ಸೂಜಿಗಳು ಒಂದೇ ಜಾಗದಲ್ಲಿ ಕುಳಿತು ಕುಳಿ ಕೊರೆದಿರುತ್ತವೆ. ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್ಪಿನಿಂದ ಹಳೆಯ ಗ್ರೀಸ್ ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಒಂದೇ ಮುಂದೆ ಮುರಿಯುವುದು.

ಎರಡು ತುಂಡಿನ ಶಾಫ್ಟ್ ಇರುವ ಉದ್ದನೆಯ ಗಾಡಿಗಳಲ್ಲಿ ಸೆಂಟರ್ ಬೇರಿಂಗನ್ನೂ ಅದನ್ನು ಹಿಡಿದ ರಬ್ಬರನ್ನೂ ಮರೆಯಬಾರದು. ರಬ್ಬರ್ ಹರಿದರೆ ಎಳೆತ ಹಿಡಿದ ಗಳಿಗೆಯಲ್ಲಿ ನೆಲದ ನಟ್ಟನಡುವೆ ಬಡಿತ ಕೇಳುತ್ತದೆ.

ಇವೆಲ್ಲ ಸರಿಯಿದ್ದರೆ ಉಳಿದದ್ದು ಶಾಫ್ಟ್ ಕೊಳವೆಯ ಸೊಟ್ಟ ಮತ್ತು ತೂಕ. ಕಲ್ಲು ಬಡಿದ ತಗ್ಗು, ಉದುರಿಹೋದ ಬ್ಯಾಲೆನ್ಸ್ ತುಣುಕಿನ ಗುರುತು ಕಣ್ಣಿಗೇ ಕಾಣಬಹುದು. ಶಾಫ್ಟನ್ನು ಫ್ಲ್ಯಾಂಜಿನಿಂದ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂಡಿಸುವುದು ಖರ್ಚಿಲ್ಲದ ಉಪಾಯ. ಕೊಳವೆಗೆ ಎರಡು ಹೋಸ್ ಕ್ಲಿಪ್ ಬಿಗಿದು, ಅವುಗಳ ಸ್ಕ್ರೂ ತಲೆಯನ್ನು ಸುತ್ತ ಸರಿಸುತ್ತ ರಸ್ತೆಯಲ್ಲಿ ಓಡಿಸಿ ನೋಡುವುದು ಇನ್ನೊಂದು. ನಡುಕ ಅತಿ ಕಡಿಮೆಯಾದ ಜಾಗದ ಎದುರು ಬದಿಯೇ ಭಾರವಾದ ಬದಿ. ನಿಖರವಾದ ಬ್ಯಾಲೆನ್ಸಿಂಗಿಗೆ ಶಾಫ್ಟ್ ಬಿಚ್ಚಿಕೊಂಡು ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ಲೇತಿನಲ್ಲಿ ಕೊಳವೆಯ ಸೊಟ್ಟ ಅಳೆಯಬಹುದು, ತಿರುಗುವಾಗಿನ ತೂಕ ಅಳೆಯಲಾಗದು.

ಕ್ಲಚ್ ಮತ್ತು ಮೌಂಟಿಂಗ್

“ಕ್ಲಚ್ ಬಿಡೂಮುಂದ ಜಗ್ಗತೈತ್ರಿ” ಎಂಬ ದೂರು ಬೇರೆ ಜಾತಿಯದು. ಗಾಡಿ ನಿಂತಲ್ಲಿಂದ ಹೊರಡುವ ಮೊದಲ ನಾಲ್ಕಾರು ಅಡಿಯಲ್ಲಿ ಮಾತ್ರ ಇರುವ ಈ ಕುಲುಕಾಟ ವೇಗ ಹಿಡಿದ ಮೇಲೆ ಮಾಯವಾಗುತ್ತದೆ. ಇಂಜಿನ್ನಿನ ಹಿಂದಿನ ಸೀಲಿನಿಂದಲೋ ಗೇರ್‌ಬಾಕ್ಸಿನ ಮುಂದಿನ ಸೀಲಿನಿಂದಲೋ ಸೋರಿದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಅದು ಒಂದು ಕಡೆ ಹಿಡಿದು ಒಂದು ಕಡೆ ಜಾರುತ್ತದೆ. ಕಾದು ನೀಲಿ ಕಲೆ ಬಿದ್ದ ಫ್ಲೈವೀಲ್, ಪ್ಲೇಟಿನೊಳಗಿನ ಸಡಿಲಾದ ಸ್ಪ್ರಿಂಗುಗಳು ಉಳಿದ ಕಾರಣಗಳು. ಎಣ್ಣೆ ತಾಗಿದ ಪ್ಲೇಟನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಹಾಕುವುದರಿಂದ ನಿಲ್ಲುವ ಕಾಯಿಲೆ ಇದಲ್ಲ. ಸೀಲು ಬದಲಾಗದೆ ಹೊಸ ಪ್ಲೇಟೂ ಉಳಿಯುವುದಿಲ್ಲ.

ಆದರೆ ಕ್ಲಚ್ ಇಳಿಸುವ ಮೊದಲು ಮೌಂಟಿಂಗುಗಳನ್ನು ನೋಡಲೇಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಿಡಿತದ ಅಂಚಿನವರೆಗೆ ಮಾತ್ರ ಬಿಟ್ಟಾಗ ಬಾನೆಟ್ಟಿನ ಪಕ್ಕಕ್ಕೆ ನಿಂತವರಿಗೆ ಇಂಜಿನ್ ಎಷ್ಟು ಏಳುತ್ತದೆ ಎಂಬುದು ಕಾಣುತ್ತದೆ. ಗಾಡಿಯ ಎದುರಿಗೆ ಯಾರೂ ನಿಲ್ಲಬಾರದು. ರಬ್ಬರ್ ಬಿರಿದ ಮೌಂಟಿಂಗಿನ ಬೆಲೆಗೂ ಕ್ಲಚ್ ಸೆಟ್ಟಿನ ಬೆಲೆಗೂ ಅಜಗಜಾಂತರ.

ಮಾರುತಿ 800ರ 796 ಸಿ.ಸಿ. ಇಂಜಿನ್ ಮೂರು ಸಿಲಿಂಡರಿನದು. ಸುತ್ತಿಗೆ ಒಂದೂವರೆ ಸಲ ಮಾತ್ರ ಉರಿಯುವುದರಿಂದಲೂ ಮೂರು ಪಿಸ್ಟನ್ನುಗಳು ಇಂಜಿನ್ನನ್ನು ಉದ್ದಕ್ಕೆ ತೊನೆಸುವುದರಿಂದಲೂ ಐಡ್ಲಿಂಗಿನಲ್ಲಿ ಸ್ವಲ್ಪ ಅದುರುವುದು ಅದರ ಸಹಜ ಗುಣ. ಆ ಅದುರು ಒಳಗೆ ಬರದಂತೆ ತಡೆಯುವುದು ಮೌಂಟಿಂಗಿನ ಕೆಲಸ. ಹಿಂದೆ ಇಲ್ಲದ ಅದುರು ಈಗ ಬಂದಿದ್ದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿದೆಯೇ ಎಂದು ಪ್ಲಗ್ ನೋಡಿ, ಆಮೇಲೆ ಮೌಂಟಿಂಗ್ ನೋಡಬೇಕು.

ಮುಂದಿನ ಚಕ್ರದ ಕಾರುಗಳು

ಇವುಗಳ ಡ್ರೈವ್ ಶಾಫ್ಟಿನ ಎರಡು ತುದಿಗೂ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್ ಇರುತ್ತದೆ. ಹೊರಗಿನದು ಕೆಟ್ಟರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಕಟಕಟ’ ಎನ್ನುತ್ತದೆ, ನಡುಕ ಕಡಿಮೆ. ಒಳಗಿನದು ಸವೆದರೆ ಶಬ್ದ ಕಡಿಮೆ, ಏರಿನಲ್ಲಿ ಎಳೆಯುವಾಗ ಇಡೀ ಮುಂಭಾಗ ಅಡ್ಡಡ್ಡ ತೊನೆಯುತ್ತದೆ, ಎಕ್ಸಲೇಟರ್ ಬಿಟ್ಟೊಡನೆ ನಿಲ್ಲುತ್ತದೆ. ಇದನ್ನು ಚಕ್ರದ ದೋಷವೆಂದು ತಿಳಿದು ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುವವರಿದ್ದಾರೆ. ಎರಡಕ್ಕೂ ಮೂಲ ಕಾರಣ ಹರಿದ ಬೂಟು. ಗ್ರೀಸ್ ಹೊರಹೋಗಿ ಎರೆಯ ಧೂಳು ಒಳಸೇರಿದರೆ ಉಕ್ಕಿನ ಗುಂಡುಗಳು ಬೇಗ ಸವೆಯುತ್ತವೆ. ರಿಮ್ಮಿನ ಒಳಬದಿಯಲ್ಲಿ ಗ್ರೀಸಿನ ಸಿಡಿತ ಕಂಡ ವಾರದಲ್ಲೇ ಬೂಟು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ.

ಎತ್ತಿ ತಿರುಗಿಸುವಾಗ

ಗಾಡಿಯನ್ನು ಎತ್ತಿ ಚಕ್ರ ತಿರುಗಿಸಿ ನೋಡುವುದು ಉಪಯುಕ್ತ, ಅಷ್ಟೇ ಅಪಾಯಕಾರಿ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ಎರೆನೆಲದಲ್ಲಿ ಜಾಕು ಒಂದು ಮಗ್ಗುಲಿಗೆ ಕುಸಿಯುತ್ತದೆ. ಗಟ್ಟಿ ನೆಲ, ಸ್ಟ್ಯಾಂಡು, ಎದುರು ಚಕ್ರಕ್ಕೆ ತಡೆ ಬೇಕು. ಶಾಫ್ಟ್ ತಿರುಗುತ್ತಿರುವಾಗ ಕೈ, ಲುಂಗಿ, ಶಾಲು ಹತ್ತಿರ ಬರಕೂಡದು. ಹಿಂದಿನ ಚಕ್ರದ ಗಾಡಿಯಲ್ಲಿ ಸ್ಟ್ಯಾಂಡನ್ನು ಹೌಸಿಂಗಿನ ಕೆಳಗೆ ಕೊಡಬೇಕು. ಕಾರಿನ ಬಾಡಿಯ ಕೆಳಗೆ ಕೊಟ್ಟರೆ ಹೌಸಿಂಗ್ ತೂಗುಬಿದ್ದು ಕ್ರಾಸಿನ ಕೋನ ಹೆಚ್ಚಾಗಿ ಇಲ್ಲದ ನಡುಕ ತೋರುತ್ತದೆ. ಮುಂದಿನ ಚಕ್ರದ ಕಾರಿನಲ್ಲಿ ಲೋವರ್ ಆರ್ಮಿನ ಕೆಳಗೆ ಆಧಾರ ಕೊಡಬೇಕಾದದ್ದೂ ಇದೇ ಕಾರಣಕ್ಕೆ. ಒಂದೇ ಚಕ್ರ ಎತ್ತಿ ತಿರುಗಿಸಿದರೆ ಡಿಫರೆನ್ಷಿಯಲ್ ಇರುವುದರಿಂದ ಅದು ಸ್ಪೀಡೋಮೀಟರ್ ತೋರಿಸುವ ವೇಗದ ಎರಡರಷ್ಟು ತಿರುಗುತ್ತದೆ. ಮೀಟರಿನಲ್ಲಿ 40 ಎಂದರೆ ಆ ಟೈರಿಗೆ 80.

ಈಗಿನ ಮೊಬೈಲ್ ಫೋನಿನೊಳಗೆ ಅಲುಗಾಟ ಅಳೆಯುವ ಸಂವೇದಕವಿದೆ. ಅದು ಸೆಕೆಂಡಿಗೆ ನೂರು ಸಲ ಅಳೆಯುವುದಾದರೆ ಐವತ್ತರವರೆಗಿನ ಕಂಪನ ಮಾತ್ರ ನಂಬಲು ಯೋಗ್ಯ. ಚಕ್ರದ ಹತ್ತು–ಹದಿನಾಲ್ಕರ ಕಂಪನವನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಶಾಫ್ಟಿನ ನಲವತ್ತೈದನ್ನು ಅಂಚಿನಲ್ಲಿ ಹಿಡಿಯುತ್ತದೆ, ಜಾಯಿಂಟಿನ ತೊಂಬತ್ತನ್ನು ತಪ್ಪಾಗಿ ತೋರಿಸುತ್ತದೆ. ಫೋನನ್ನು ಸೀಟಿನ ಮೇಲಿಡದೆ ಸೀಟಿನ ಕಬ್ಬಿಣದ ಹಳಿಗೆ ಕಟ್ಟಬೇಕು.

ಹೌಸಿಂಗ್, ಮತ್ತು ನೆರೆಯ ನಂತರ

ಕ್ರೌನ್-ಪಿನಿಯನ್ ಸವೆದಾಗ ನಡುಕಕ್ಕಿಂತ ಮೊದಲು ಊಳಿಡುವ ಶಬ್ದ ಬರುತ್ತದೆ. ಎಳೆಯುವಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಇದರ ಗುರುತು. ಪಿನಿಯನ್ ಬೇರಿಂಗು ಸಡಿಲಾದರೆ ಮಾತ್ರ ಶಾಫ್ಟಿನ ಲಯದಲ್ಲಿ ನಡುಕ ಸೇರಿಕೊಳ್ಳುತ್ತದೆ. ಫ್ಲ್ಯಾಂಜನ್ನು ಹಿಡಿದು ಮೇಲೆ-ಕೆಳಗೆ ಅಲುಗಿಸಿದಾಗ ಆಟ ಸಿಕ್ಕರೆ ಅದೇ ಸಾಕ್ಷಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಆಟವಿರುವುದು ಸಹಜ, ಮೇಲೆ-ಕೆಳಗಿನ ಆಟ ಸಹಜವಲ್ಲ. ಚಕ್ರದ ಬೇರಿಂಗಿನ ಮೊರೆತ ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಹೆಚ್ಚು ಕಡಿಮೆಯಾಗುವುದರಿಂದ ಬೇರೆಯಾಗಿ ತಿಳಿಯುತ್ತದೆ.

ಮಲಪ್ರಭೆ ಮತ್ತು ಬೆಣ್ಣೆಹಳ್ಳದ ನೆರೆ ನರಗುಂದ, ರೋಣ ತಾಲ್ಲೂಕುಗಳ ಹಳ್ಳಿಗಳಿಗೆ ಹೊಸದಲ್ಲ. 2009 ಮತ್ತು 2019ರಲ್ಲಿ ಅದು ದೊಡ್ಡದಾಗಿಯೇ ಬಂತು. ನೀರಿನಲ್ಲಿ ನಿಂತ ಅಥವಾ ಹಾದುಬಂದ ಗಾಡಿಯ ಇಂಜಿನ್ನನ್ನು ಎಲ್ಲರೂ ನೋಡಿಸುತ್ತಾರೆ, ಹೌಸಿಂಗನ್ನು ಯಾರೂ ನೋಡುವುದಿಲ್ಲ. ಓಡಿ ಕಾದಿದ್ದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಮೂಲಕ, ಸೀಲಿನ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಒಳಗಿನ 90 ನಂಬರ್ ಗೇರ್ ಆಯಿಲ್ ನೀರಿನೊಂದಿಗೆ ಕಲೆತು ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ. ಬೇರಿಂಗು ತಕ್ಷಣ ಮೊರೆಯುವುದಿಲ್ಲ, ತಿಂಗಳುಗಳ ಮೇಲೆ ಮೊರೆಯುತ್ತದೆ, ಅಷ್ಟರಲ್ಲಿ ನೆರೆಯ ನೆನಪು ಯಾರಿಗೂ ಇರುವುದಿಲ್ಲ. ಆದ್ದರಿಂದ ನೀರು ಹೌಸಿಂಗಿನ ಮಟ್ಟ ದಾಟಿದ ಯಾವ ಗಾಡಿಯದೇ ಆಗಲಿ, ಹೌಸಿಂಗ್ ಮತ್ತು ಗೇರ್‌ಬಾಕ್ಸಿನ ಎಣ್ಣೆಯನ್ನು ಅದೇ ವಾರದಲ್ಲಿ ಇಳಿಸಿ ನೋಡಬೇಕು, ಕ್ರಾಸುಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಯಬೇಕು.

ಓಡಿಸುತ್ತಲೇ ಗಮನಿಸಬಹುದಾದ ನಡುಕ ಬೇರೆ, ಗಾಡಿಯನ್ನು ಅಲ್ಲೇ ನಿಲ್ಲಿಸಬೇಕಾದ ನಡುಕ ಬೇರೆ. ದಿನದಿಂದ ದಿನಕ್ಕೆ ಜೋರಾಗುವ ಶಾಫ್ಟಿನ ನಡುಕ, ಅದರ ಜೊತೆಗೆ ಹೊರಡುವಾಗ ಬಡಿತ, ಕ್ರಾಸಿನಲ್ಲಿ ಕಣ್ಣಿಗೆ ಕಾಣುವ ಆಟ ಇವು ಕೂಡಿ ಬಂದರೆ ಗಾಡಿ ಗ್ಯಾರೇಜಿಗೂ ಓಡಿಕೊಂಡು ಹೋಗಬಾರದು, ಹಿಂದಿನ ಚಕ್ರಗಳನ್ನು ಎತ್ತಿ ಎಳೆದುಕೊಂಡು ಹೋಗಬೇಕು ಇಲ್ಲವೇ ಶಾಫ್ಟ್ ಬಿಚ್ಚಿ ಎಳೆಸಬೇಕು. ಮುಂದಿನ ಕ್ರಾಸ್ ಓಡುವಾಗ ಮುರಿದರೆ ಶಾಫ್ಟಿನ ಮುಂತುದಿ ರಸ್ತೆಗೆ ಬೀಳುತ್ತದೆ, ಅದು ನೆಲಕ್ಕೆ ಚುಚ್ಚಿಕೊಂಡರೆ ಗಾಡಿಯ ಹಿಂಭಾಗವನ್ನೇ ಎತ್ತಬಲ್ಲದು. ಆಳು ಹೊತ್ತು ಓಡಾಡುವ ಹಳೆಯ ಟ್ರ್ಯಾಕ್ಸ್, ಜೀಪುಗಳಿಗೆ ಶಾಫ್ಟಿನ ಮುಂಭಾಗದ ಕೆಳಗೆ ಉಕ್ಕಿನ ಪಟ್ಟಿಯ ಬಳೆಯೊಂದನ್ನು ಚಾಸಿಗೆ ಬಿಗಿಸುವುದು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಆಗುವ ಕೆಲಸ. ಬಳೆಗೂ ಶಾಫ್ಟಿಗೂ ನಡುವೆ, ಹೌಸಿಂಗ್ ಪೂರ್ತಿ ಏರಿದಾಗಲೂ ಇಳಿದಾಗಲೂ ತಾಗದಷ್ಟು ಅಂತರ ಬಿಡಬೇಕು.